ಹೆಸರಿನ ಬಲದಿಂದ ನಡೆದ ತಾಮ್ರದ ಬಿಲ್ಲೆ

‘ದುಡ್ಡೇ ದೊಡ್ಡಪ್ಪ’ ಎಂದು ನಾವೆಲ್ಲ ಹೇಳುತ್ತಿರುತ್ತೇವೆ. ದುಡ್ಡು ಎಂಬುದು ಹಿಂದೆ ನಮ್ಮಲ್ಲಿ ತಾಮ್ರದ ಒಂದು ಸಣ್ಣ ನಾಣ್ಯದ ಹೆಸರು. ಬಡವರ ಸಂಸಾರ ಸಾಗುವುದು ಇಂಥ ಚಿಲ್ಲರೆಯಿಂದಲೇ. ಅದೇ ಸಿಗದೆ ಹೋದರೆ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೂಲಿಕಾರರಿಗೆ ಒದಗಿದ್ದು ಇದೇ ಸಂಕಟ.

ಅಲ್ಲಿಯ ಸರಕಾರಿ ಟಂಕಸಾಲೆಗೆ ಚಿನ್ನ, ಬೆಳ್ಳಿಗಳೇ ಹಣ, ತಾಮ್ರವೆಂದರೆ ಅಸಡ್ಡೆ. 1775ರ ನಂತರ ಅದು ತಾಮ್ರದ ನಾಣ್ಯ ಹೊರಡಿಸುವುದನ್ನೇ ನಿಲ್ಲಿಸಿತು. ಗಿರಣಿ, ಗಣಿಗಳು ಬೆಳೆದು ಸಾವಿರಾರು ಜನ ವಾರದ ಕೂಲಿಯನ್ನೇ ನಂಬಿ ಬದುಕತೊಡಗಿದ್ದ ಕಾಲವದು. ಚಲಾವಣೆಯಲ್ಲಿದ್ದ ಅರ್ಧ ಪೆನ್ನಿಗಳಲ್ಲಿ ಬಹುಪಾಲು ಖೋಟಾ. ಎಷ್ಟೋ ಧಣಿಗಳು ನಾಲ್ಕಾರು ಆಳುಗಳ ಕೂಲಿಯನ್ನು ಒಟ್ಟಾಗಿ ಕೊಟ್ಟುಬಿಡುತ್ತಿದ್ದರು. ಅದನ್ನು ಚಿಲ್ಲರೆ ಮಾಡಿಸಿ ಹಂಚಿಕೊಳ್ಳಲು ಹೆಂಡದಂಗಡಿಗೆ ಹೋಗಬೇಕು; ಹೋದ ಮೇಲೆ ಕೂಲಿಯಲ್ಲೊಂದು ಪಾಲು ಅಲ್ಲಿಯೇ ಕರಗುತ್ತಿತ್ತು.

1787ರಲ್ಲಿ ವೇಲ್ಸ್ ಪ್ರಾಂತದ ಆಂಗಲ್‌ಸೀ ದ್ವೀಪದಲ್ಲಿ ಪಾರಿಸ್ ಎಂಬ ಬೆಟ್ಟದ ತಾಮ್ರ ತೆಗೆಯುತ್ತಿದ್ದ ಕಂಪನಿ ತನ್ನದೇ ಬಿಲ್ಲೆ ಹೊರಡಿಸಿತು. ಥಾಮಸ್ ವಿಲಿಯಮ್ಸ್ ಎಂಬ ವಕೀಲ ಅದರ ಮುಂದಾಳು. ಬಿಲ್ಲೆಯ ಒಂದು ಬದಿಗೆ ಪ್ರಾಚೀನ ಡ್ರುಯಿಡ್ ಪುರೋಹಿತನ ತಲೆ. ಇನ್ನೊಂದು ಬದಿಗೆ, ತಂದವರಿಗೆ ಒಂದು ಪೆನ್ನಿ ಕೊಡುವೆವೆಂಬ ವಾಗ್ದಾನ. ಲಂಡನ್, ಲಿವರ್‌ಪೂಲ್, ಆಂಗಲ್‌ಸೀಗಳಲ್ಲಿ ಕೇಳಿದೊಡನೆ ಹಣ ಸಿಗುವುದೆಂದು ಅಂಚಿನಲ್ಲಿ ಕೊರೆದಿತ್ತು. ಅದೇ ವರ್ಷ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ ತನ್ನ ಮುಖವನ್ನೇ ಅಚ್ಚು ಹಾಕಿಸಿದ. ಮುಂದಿನ ಹತ್ತು ವರ್ಷಗಳಲ್ಲಿ ನೂರಾರು ವರ್ತಕರು ಇದೇ ದಾರಿ ಹಿಡಿದರು.

ಈ ಬಿಲ್ಲೆಗಳ ಹಿಂದೆ ರಾಜಮುದ್ರೆಯಿರಲಿಲ್ಲ. ಅವು ನಡೆದದ್ದು ಕೊಟ್ಟವನ ಹೆಸರಿನ ಮೇಲೆ, ಅವನ ಬಾಗಿಲು ತೆರೆದಿರುವವರೆಗೆ. ಆದ್ದರಿಂದಲೇ ಮೋಸಕ್ಕೂ ಎಡೆಯಾಯಿತು. ತೂಕ ಕಡಿಮೆಯಾದ, ಹಣ ಕೊಡುವವನ ವಿಳಾಸವೇ ಇಲ್ಲದ ಬಿಲ್ಲೆಗಳೂ ಪೇಟೆಗೆ ಬಂದವು. ನಷ್ಟ ಯಾರಿಗೆ? ಕೊನೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಿಂತ ಬಡವನಿಗೆ.

1797ರಲ್ಲಿ ಸರಕಾರ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರಗಳಿಂದ ಒಂದು ಔನ್ಸ್ ತೂಕದ ಪೆನ್ನಿ ಹೊರಡಿಸಿತು. ಅದರ ದಪ್ಪ ಅಂಚು ಕಂಡು ಜನ ‘ಗಾಡಿ ಚಕ್ರ’ ಎಂದರು. ಅದೇ ಸೋಹೋ ಟಂಕಸಾಲೆ 1803ರಲ್ಲಿ ಮದ್ರಾಸ್ ಪ್ರಾಂತಕ್ಕೂ ತಾಮ್ರದ ಕಾಸುಗಳನ್ನು ಮಾಡಿಕೊಟ್ಟಿತು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು.

ಇಂಗ್ಲೆಂಡಿನಲ್ಲಿ 1811ರ ಹೊತ್ತಿಗೆ ಮತ್ತೆ ಚಿಲ್ಲರೆಯ ಬರ, ಮತ್ತೆ ಬಿಲ್ಲೆಗಳು. 1817ರ ಕಾಯಿದೆ ಅವನ್ನು ನಿಷೇಧಿಸಿತು. ಆದರೂ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್‌ಗಳಲ್ಲಿ ಬಡವರ ಪಾಲನೆಗಾಗಿ ಇದ್ದವರು ಹೊರಡಿಸಿದ್ದ ಬಿಲ್ಲೆಗಳಿಗೆ ಮಾತ್ರ ಕೆಲವು ವರ್ಷಗಳ ಗಡುವು ಕೊಟ್ಟಿತು. ಒಮ್ಮೆಲೇ ರದ್ದಾದರೆ ಪೆಟ್ಟು ಬೀಳುವುದು ಯಾರಿಗೆಂದು ಆಳುವವರಿಗೆ ಅಷ್ಟರಮಟ್ಟಿಗಾದರೂ ತಿಳಿದಿತ್ತು. ಹಣ ಯಾರದೇ ಆಗಲಿ, ಕೊಟ್ಟ ಮಾತು ಉಳಿದರೆ ಮಾತ್ರ ಅದಕ್ಕೆ ಬೆಲೆ.