ವಸತಿ ಕಾಲೊನಿಗಳಲ್ಲಿ ಸ್ವಉದ್ಯೋಗ: ಸಾಲ, ತರಬೇತಿ, ದಾಖಲೆ

ಶಿರೂರು: ಆಶ್ರಯ, ಅಂಬೇಡ್ಕರ್, ಬಸವ ವಸತಿ, ಮೀನುಗಾರರಿಗೆ ಮತ್ಸ್ಯಾಶ್ರಯ. ಯೋಜನೆಯ ಹೆಸರು ಯಾವುದಾದರೂ, ಮನೆ ಸಿಕ್ಕ ಮರುದಿನ ಏಳುವ ಪ್ರಶ್ನೆ ಒಂದೇ: ದುಡಿಮೆ ಎಲ್ಲಿ? ಉಡುಪಿ ಜಿಲ್ಲೆಯ ಉತ್ತರ ಗಡಿಯಲ್ಲಿರುವ, ಬೈಂದೂರು ತಾಲ್ಲೂಕಿನ ಶಿರೂರಿನಂಥ ಕಡಲ ತಡಿಯ ಊರುಗಳಲ್ಲಿ ಈ ಪ್ರಶ್ನೆ ಮಳೆಗಾಲದಲ್ಲಿ ಇನ್ನಷ್ಟು ತೀವ್ರವಾಗುತ್ತದೆ. (2024ರಲ್ಲಿ ಗುಡ್ಡ ಕುಸಿದ ಅಂಕೋಲಾ ತಾಲ್ಲೂಕಿನ ಶಿರೂರು ಬೇರೆ.) ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿ ದಡ ಸೇರಿದರೆ ದಿನಗೂಲಿಯೂ ನಿಲ್ಲುತ್ತದೆ.

ಆ ಎರಡು ತಿಂಗಳು ಮನೆ ನಡೆಸುವವರು ಹೆಚ್ಚಾಗಿ ಮಹಿಳೆಯರೇ. ಒಣಮೀನು ಮಾರಾಟ, ಹೊಲಿಗೆ, ಹೂ ಕಟ್ಟುವುದು, ಹಪ್ಪಳ ಸಂಡಿಗೆ ಇತ್ಯಾದಿ ಐದು ಸೆಂಟ್ಸ್ ಜಾಗದಲ್ಲೂ ಸಾಧ್ಯವಾಗುವ ಕಸುಬುಗಳು. ಮೀನುಗಾರ ಮಹಿಳೆಯರಿಗೆ ನೀಡುವ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್‌ನಲ್ಲಿ 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಲಾಯಿತು.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಕರಾವಳಿಗೆ ಹೆಚ್ಚು ಹೊಂದುತ್ತದೆ. ಅದರ 18 ಕಸುಬುಗಳಲ್ಲಿ ಬಲೆ ಹೆಣೆಯುವವರು, ದೋಣಿ ಕಟ್ಟುವವರು, ಹೂಮಾಲೆ ಕಟ್ಟುವವರು, ಬುಟ್ಟಿ-ಚಾಪೆ-ಪೊರಕೆ ತಯಾರಿಸುವವರು, ದರ್ಜಿಗಳು, ಗಾರೆ ಕೆಲಸದವರು ಸೇರಿದ್ದಾರೆ. ತರಬೇತಿ ವೇಳೆ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15 ಸಾವಿರ ರೂ., ಬಳಿಕ ಶೇ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ, ಎರಡನೆಯದು 2 ಲಕ್ಷ ರೂ. ಸಾಲ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಅರ್ಜಿಯ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ನಡೆಯುವುದರಿಂದ ಅಲ್ಲಿ ವಿಳಂಬವಾದರೆ ಎಲ್ಲವೂ ವಿಳಂಬ.

ಕಸುಬೇ ಗೊತ್ತಿಲ್ಲದವರಿಗೆ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಿದೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜತೆಗೂಡಿ 1982ರಲ್ಲಿ ಉಜಿರೆಯಲ್ಲಿ ಕಟ್ಟಿದ ಈ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಊಟ, ವಸತಿ ಸಹಿತ ತರಬೇತಿ ಉಚಿತ. ಕಲಿತು ಮನೆಗೆ ಬಂದವರನ್ನು ಹಾಗೆಯೇ ಬಿಡದೆ ಬ್ಯಾಂಕ್ ಸಾಲದವರೆಗೆ ಕೈಹಿಡಿದು ನಡೆಸುವುದು ಇದರ ವಿಶೇಷ.

ತೊಡಕಿರುವುದು ಹಕ್ಕುಪತ್ರದಲ್ಲಿ. ಸರ್ಕಾರ ಕೊಟ್ಟ ನಿವೇಶನವನ್ನು ನಿಗದಿತ ಅವಧಿಯವರೆಗೆ ಪರಭಾರೆ ಮಾಡುವಂತಿಲ್ಲ. ಹೀಗಾಗಿ ಅಡಮಾನಕ್ಕೆ ಅದು ಅಷ್ಟಾಗಿ ನೆರವಾಗದು, ಬಡವರ ಬಳಿ ಬೇರೆ ಆಸ್ತಿಯೂ ಇರುವುದಿಲ್ಲ. ಆದರೆ ಕಿರು ಉದ್ಯಮಗಳಿಗೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿ ಭದ್ರತೆ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಸೂಚಿಸಿದೆ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರ ರೂ.ವರೆಗೆ ಸಿಗುತ್ತದೆ. ನಿಯಮ ತಿಳಿದು ಕೇಳುವವರಿಗೆ ಶಾಖೆಯಲ್ಲಿ ಉತ್ತರ ಬೇರೆಯೇ ಇರುತ್ತದೆ. ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೇ ಎಂಬುದು ಇಲ್ಲಿ ಸ್ಮರಣೀಯ.

ಅರ್ಜಿಗೆ ಮುನ್ನ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಅನ್ವಯಿಸುವವರು ಜಾತಿ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಬೇಕು. ಉದ್ಯಮ್ ನೋಂದಣಿ ಉಚಿತವಾಗಿದ್ದು, ಅದಕ್ಕೆ ಮಧ್ಯವರ್ತಿಗಳಿಗೆ ಹಣ ಕೊಡಬೇಕಿಲ್ಲ. ಮನೆಯಲ್ಲೇ ಅಂಗಡಿ ತೆರೆಯುವವರು ಪಂಚಾಯಿತಿ ಪರವಾನಗಿ ಪಡೆಯಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಗೃಹಬಳಕೆಗಷ್ಟೇ ಅನ್ವಯ. ಆದ್ದರಿಂದ ಯಂತ್ರ ಕೂರಿಸುವ ಮೊದಲು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸುವುದು ಲೇಸು.