ಎದೆಯುರಿಗೆ ಎರಡು ಔಷಧಿ: ಚೀನಾದ ಕಥೆ

ಎದೆಯುರಿಗೆ ಚೀನೀ ಭಾಷೆಯಲ್ಲಿರುವ ಹಳೆಯ ಹೆಸರುಗಳಲ್ಲಿ ಒಂದು 'ತ್ಸುಷಿನ್'. 'ತ್ಸು' ಅಂದರೆ ವಿನೆಗರ್, 'ಷಿನ್' ಅಂದರೆ ಹೃದಯ. ಹೊಟ್ಟೆಯ ಹುಳಿ ಮೇಲೇರಿ ಎದೆಗೂಡು ಉರಿಯುವಾಗ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ನಮ್ಮಲ್ಲಿ ಹುಳಿತೇಗು, ಎದೆಯುರಿ ಎನ್ನುತ್ತೇವೆ. ಆಯುರ್ವೇದದವರು ಆಮ್ಲಪಿತ್ತ ಎನ್ನುತ್ತಾರೆ. (ಹೊಟ್ಟೆಯುರಿ ಬೇರೆ, ಅದಕ್ಕೆ ಯಾವ ದೇಶದಲ್ಲೂ ಮದ್ದಿಲ್ಲ!)

ನಾನು ವೈದ್ಯೆಯಲ್ಲ, ಮುಂಬಯಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಮಹಿಳಾ ವೇದಿಕೆಯ ಸಭೆ ಮುಗಿದು ಚಹಾ-ಚಿವಡಾ ಬರುವ ಹೊತ್ತಿಗೆ ಮಾತು ಆಸಿಡಿಟಿಯ ಕಡೆ ತಿರುಗುವುದು ನಿಮಗೆಲ್ಲ ಗೊತ್ತು. ಒಬ್ಬರ ಪರ್ಸಿನಲ್ಲಿ ಪ್ಯಾಂಟೊಪ್ರಜೋಲ್ ಪಟ್ಟಿ, ಇನ್ನೊಬ್ಬರ ಡಬ್ಬಿಯಲ್ಲಿ ಜೀರಿಗೆ-ಓಮದ ಪುಡಿ. ಹೆಚ್ಚಿನವರ ಹತ್ತಿರ ಎರಡೂ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಪ್ರತಿಸಲ ಏಳುತ್ತದೆ, ಉತ್ತರ ಸಿಗದೆ ಚಹಾ ಮುಗಿಯುತ್ತದೆ. ಈ ಪ್ರಶ್ನೆಯನ್ನು ಒಂದು ಇಡೀ ದೇಶ ಸರ್ಕಾರದ ನೀತಿಯನ್ನಾಗಿ ಮಾಡಿಕೊಂಡ ಕಥೆ ಚೀನಾದಲ್ಲಿದೆ. ಅದನ್ನು ಹೇಳೋಣವೆಂದು ಕೂತಿದ್ದೇನೆ.

ಹಳೆಯ ಚೀನೀ ವೈದ್ಯರೂ ಈ ಕಾಯಿಲೆಯ ಬಗ್ಗೆ ಒಮ್ಮತದವರಾಗಿರಲಿಲ್ಲ. ಹುಳಿ ಕಕ್ಕುವುದೆಲ್ಲ ಉಷ್ಣದಿಂದ ಎಂದು ಅವರ ಪುರಾತನ ಗ್ರಂಥ 'ಹುವಾಂಗ್‌ಡಿ ನೇಜಿಂಗ್' ಹೇಳಿತು. 13ನೆಯ ಶತಮಾನದ ಲೀ ಡೋಂಗ್‌ಯುವಾನ್, ಅಲ್ಲ, ಇದು ಶೀತ, ತಂಪಿನ ಮದ್ದು ಕೊಟ್ಟರೆ ಕೆಡುತ್ತದೆ ಎಂದ. ನಮ್ಮ ಮನೆಗಳಲ್ಲಿ ಮಜ್ಜಿಗೆ ಕುಡಿ ಎನ್ನುವ ಅಜ್ಜಿಗೂ ಶುಂಠಿ ಜಗಿ ಎನ್ನುವ ಅತ್ತೆಗೂ ನಡೆಯುವ ವಾದವೇ ಇದು. ಮುಂದಿನ ಶತಮಾನದ ಜೂ ಡಾನ್‌ಶಿ ಉಷ್ಣದ ಪಕ್ಷ. ಅವನ ಹೆಸರಿನಲ್ಲಿ ಬಂದ 'ಜುವೊ ಜಿನ್ ವಾನ್' ಎಂಬ ಗುಳಿಗೆಯನ್ನು ಚೀನಾದಲ್ಲಿ ಎದೆಯುರಿಗೆ ಇಂದಿಗೂ ಬರೆಯುತ್ತಾರೆ. ಅದರಲ್ಲಿರುವುದು ಎರಡೇ ವಸ್ತು: ಆರು ಪಾಲು ಹುವಾಂಗ್ಲಿಯನ್ ಎಂಬ ಕಹಿ ಬೇರು, ಒಂದು ಪಾಲು ವೂಜೂಯೂ ಎಂಬ ಖಾರದ ಕಾಯಿ. ತಂಪಿಗೆ ಆರು, ಬಿಸಿಗೆ ಒಂದು. ಯಕೃತ್ತಿನ ಬೆಂಕಿ ಜಠರದ ಮೇಲೆ ಏರಿ ಬರುವುದರಿಂದ ಹುಳಿ ಉಕ್ಕುತ್ತದೆ ಎಂಬುದು ಅವರ ಲೆಕ್ಕ. ಯಕೃತ್ತು ಕೋಪದ ಮನೆ. ಕೋಪವನ್ನು ಹೊರಹಾಕಲಾಗದೆ ನುಂಗಿಕೊಂಡವರಿಗೆ ಈ ಕಾಯಿಲೆ ಹೆಚ್ಚು ಎಂದು ಬಗೆದ ಆ ವೈದ್ಯರು ಕೂಡುಕುಟುಂಬದ ಸೊಸೆಯಂದಿರನ್ನು ಬೇಕಾದಷ್ಟು ನೋಡಿದ್ದಿರಬೇಕು.

ಹುವಾಂಗ್ಲಿಯನ್‌ನ ಹಳದಿ ಬಣ್ಣಕ್ಕೆ ಕಾರಣವಾದ ಬರ್ಬೆರಿನ್ ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲೂ ಇದೆ. ಚೀನಾದ ಇನ್ನೊಂದು ಹುಳಿಮದ್ದು ಬೊಂಡಾಸ್ ಜಾತಿಯ ಕಡಲಜೀವಿಯ ಬೆನ್ನಿನ ಬಿಳಿ ಮೂಳೆ. ಮಂಗಳೂರು, ಉಡುಪಿ ಕಡೆಯವರು ಸಮುದ್ರದ ದಂಡೆಯಲ್ಲಿ ಇದನ್ನು ಹೆಕ್ಕಿರುತ್ತೀರಿ. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಆಂಟಾಸಿಡ್ ಮಾತ್ರೆಗಳಲ್ಲಿ ಇರುವುದೇ. ಹುಳಿಯನ್ನು ಸುಣ್ಣದಿಂದ ಕೊಲ್ಲುವ ಉಪಾಯ ಯಾವುದೇ ಒಂದು ದೇಶದ ಸ್ವತ್ತಲ್ಲ.

ಪಶ್ಚಿಮದ ವೈದ್ಯವೂ ಈ ವಿಷಯದಲ್ಲಿ ಬಹುಕಾಲ ಮುಂದೇನೂ ಇರಲಿಲ್ಲ. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನ ವಿಲಿಯಂ ಪ್ರೌಟ್ ತೋರಿಸಿದ್ದು 1820ರ ದಶಕದಲ್ಲಿ. 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಹುಣ್ಣಿನ ರೋಗಿಗಳಿಗೆ ಗಂಟೆಗೊಮ್ಮೆ ಹಾಲು-ಕೆನೆ, ನಡುನಡುವೆ ಕ್ಷಾರದ ಪುಡಿ ಕೊಡುವ ಪಥ್ಯ ಹೇಳಿದ. ಜಗತ್ತು ಅದನ್ನೇ ದಶಕಗಳ ಕಾಲ ನಂಬಿತು. ಹುಳಿ ಅನ್ನನಾಳವನ್ನೇ ಸುಡುತ್ತದೆ, ಅದು ಬೇರೆಯೇ ಕಾಯಿಲೆ ಎಂದು ನ್ಯೂಯಾರ್ಕಿನ ಆಶರ್ ವಿಂಕಲ್‌ಸ್ಟೈನ್ ಬರೆದದ್ದು 1935ರಲ್ಲಿ. ನಿಜವಾದ ತಿರುವು 1976ರದು. ಆ ವರ್ಷ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಮಾರುಕಟ್ಟೆಗೆ ಬಂತು. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಅದೇ 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಬಂತು. ಹಳೆಯ ಮದ್ದುಗಳು ಸುರಿದ ಹುಳಿಯನ್ನು ಒರೆಸುತ್ತಿದ್ದವು, ಇದು ನಲ್ಲಿಯನ್ನೇ ಬಿಗಿ ಮಾಡಿತು. ನಮ್ಮ ಪ್ಯಾಂಟೊಪ್ರಜೋಲ್ ಇದೇ ಬಳಗದ್ದು.

ಈಗ ಜಗಳದ ಭಾಗಕ್ಕೆ ಬರುತ್ತೇನೆ, ಇತಿಹಾಸದವಳಿಗೆ ರುಚಿ ಇರುವುದು ಇಲ್ಲೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಓದಿದ ಚೀನೀಯರಲ್ಲಿ ಅನೇಕರಿಗೆ ತಮ್ಮ ಹಳೆಯ ವೈದ್ಯದ ಮೇಲೆ ಸಿಟ್ಟಿತ್ತು. ಲೇಖಕ ಲೂ ಷುನ್ ಹುಡುಗನಾಗಿದ್ದಾಗ ತಂದೆಯ ಕಾಯಿಲೆಗೆ ಮೂರು ವರ್ಷ ಹಿಮ ಬಿದ್ದ ಕಬ್ಬು, ಜೊತೆ ಬಿಡದ ಜೋಡಿ ಚಿಮ್ಮಂಡೆ ಹುಡುಕಲು ಅಲೆದಿದ್ದ. ಮನೆಯ ಒಡವೆ-ವಸ್ತು ಗಿರವಿ ಅಂಗಡಿ ಸೇರಿತು, ತಂದೆ ಉಳಿಯಲಿಲ್ಲ. ಅವನು ಜಪಾನಿಗೆ ವೈದ್ಯಕೀಯ ಓದಲು ಹೋದದ್ದರ ಹಿಂದೆ ಈ ನೋವಿತ್ತು. ಜಪಾನಿನಲ್ಲೇ ಓದಿ ಬಂದ ಯೂ ಯುನ್‌ಷ್ಯೂ ಎಂಬ ವೈದ್ಯ 1929ರಲ್ಲಿ ಹಳೆಯ ವೈದ್ಯವನ್ನೇ ರದ್ದು ಮಾಡಬೇಕೆಂಬ ಪ್ರಸ್ತಾವ ತಂದ. ಸರ್ಕಾರದ ಆರೋಗ್ಯ ಸಮಿತಿ ಒಪ್ಪಿಯೂ ಬಿಟ್ಟಿತು. ಮಾರ್ಚ್ 17ರಂದು ನಾನಾ ಪ್ರಾಂತಗಳ ನಾಟಿ ವೈದ್ಯರು ಶಾಂಘೈನಲ್ಲಿ ಸೇರಿ ಪ್ರತಿಭಟಿಸಿದರು. ಪ್ರಸ್ತಾವ ಜಾರಿಯಾಗಲಿಲ್ಲ. ಲೂ ಷುನ್‌ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಳ್ಳಿಹಳ್ಳಿಗೆ ಆಧುನಿಕ ಡಾಕ್ಟರು ಇಲ್ಲದ ದೇಶದಲ್ಲಿ ಇದ್ದವರನ್ನೂ ಮನೆಗೆ ಕಳಿಸುವುದು ಯಾವ ನ್ಯಾಯ?

ಈ ಎರಡು ಬಣಗಳ ನಡುವೆ ನಿಂತವನು ಹೆಬೇ ಪ್ರಾಂತದ ಜಾಂಗ್ ಷೀಚುನ್ (1860-1933). ಅವನ ದೊಡ್ಡ ಗ್ರಂಥದ ಹೆಸರಿನ ಅರ್ಥವೇ ಹೆಚ್ಚುಕಡಿಮೆ 'ಚೀನೀಯದನ್ನು ಗೌರವಿಸಿ ಪಶ್ಚಿಮದ್ದನ್ನೂ ನೋಡಿಕೊಂಡ ವೈದ್ಯದ ಟಿಪ್ಪಣಿ' ಎಂದು. ಜ್ವರಕ್ಕೆ ಅವನು ಜಿಪ್ಸಮ್ ಕಲ್ಲಿನ ಕಷಾಯದ ಜೊತೆ ಆಸ್ಪಿರಿನ್ ಕೊಟ್ಟ. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ, ಅಂದರೆ ಅವನ ಕಾಲಕ್ಕೆ ಹೊಚ್ಚ ಹೊಸದು. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆಂದು ಈಗ ನಮಗೆ ಗೊತ್ತು. ಕೂಡಿಸುವ ಮೊದಲ ಪ್ರಯೋಗಗಳಲ್ಲೊಂದು ಎದೆಯುರಿ ತರುವ ಮದ್ದಿನೊಂದಿಗೇ ನಡೆಯಿತು.

1938ರಲ್ಲಿ ಜಪಾನಿನೊಡನೆ ಯುದ್ಧದಲ್ಲಿದ್ದ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಮುಂಬಯಿಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದವರು, 1942ರಲ್ಲಿ ಅಲ್ಲೇ ತೀರಿಕೊಂಡರು. ಶಾಂತಾರಾಂ ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು. ತಂಡದ ಇನ್ನೊಬ್ಬರು, ಬಿ.ಕೆ. ಬಸು, 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಭಾರತದಲ್ಲಿ ಹರಡಿದರು. ಅಷ್ಟರಲ್ಲಿ ಅಲ್ಲಿ ಗಾಳಿ ಬದಲಾಗಿತ್ತು. ಆಧುನಿಕ ವೈದ್ಯರು ಹಳೆಯ ವೈದ್ಯ ಕಲಿಯಬೇಕೆಂದು ಮಾವೊ ಸರ್ಕಾರ ಕಟ್ಟಪ್ಪಣೆ ಮಾಡಿತ್ತು. 1955ರಲ್ಲಿ ಬೀಜಿಂಗ್‌ನಲ್ಲಿ ಅಕಾಡೆಮಿ, ಮರುವರ್ಷ ನಾಲ್ಕು ನಗರಗಳಲ್ಲಿ ಕಾಲೇಜು. ಹೀಗೆ ಹಳೆಯದನ್ನು ಕಲಿತವರಲ್ಲಿ ತು ಯೂಯೂ ಎಂಬ ಹೆಣ್ಣುಮಗಳೂ ಇದ್ದರು. ಹಳೆಯ ಗ್ರಂಥದ ಸುಳಿವು ಹಿಡಿದು ಮಲೇರಿಯಾ ಮದ್ದು ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಆದರೆ ಅವರು ಮಾಡಿದ್ದು ಬೆರಕೆಯಲ್ಲ, ಗಿಡದಿಂದ ಒಂದೇ ಒಂದು ವಸ್ತುವನ್ನು ಬೇರ್ಪಡಿಸಿ ಪರೀಕ್ಷಿಸಿದ್ದು. ಈ ವ್ಯತ್ಯಾಸವನ್ನು ವಾಟ್ಸಾಪ್ ಸಂದೇಶಗಳು ಹೇಳುವುದಿಲ್ಲ.

ಬೆರಕೆಯ ಫಲ ಎರಡೂ ಬಗೆಯದು. ಜಪಾನಿನಲ್ಲಿ ಚೀನೀ ಮೂಲದ ಕಷಾಯಗಳನ್ನು ಡಾಕ್ಟರರೇ ಬರೆಯುತ್ತಾರೆ, ವಿಮೆಯೂ ಕೊಡುತ್ತದೆ. ಬರೀ ಆಸಿಡಿಟಿ ಗುಳಿಗೆಯಿಂದ ಗುಣ ಕಾಣದ ರೋಗಿಗಳಿಗೆ, ಗುಳಿಗೆಯನ್ನು ಇಮ್ಮಡಿ ಮಾಡುವ ಬದಲು 'ರಿಕ್ಕುನ್‌ಶಿಟೊ' ಎಂಬ ಕಷಾಯದ ಪುಡಿ ಸೇರಿಸಿ ನೋಡಿದ ಪರೀಕ್ಷೆಯಲ್ಲಿ ಎರಡೂ ದಾರಿ ಸರಿಸುಮಾರು ಒಂದೇ ಫಲ ಕೊಟ್ಟವು. ಅದೇ ಜಪಾನಿನಲ್ಲಿ 'ಶೋ-ಸೈಕೊ-ಟೊ' ಎಂಬ ಇನ್ನೊಂದು ಕಷಾಯ ಯಕೃತ್ತಿನ ರೋಗಿಗಳ ಶ್ವಾಸಕೋಶಕ್ಕೆ ಪೆಟ್ಟು ಕೊಟ್ಟಿತು, ಇಂಟರ್‌ಫೆರಾನ್ ಚುಚ್ಚುಮದ್ದಿನ ಜೊತೆ ಕೊಡಕೂಡದೆಂದು ನಿಷೇಧಿಸಬೇಕಾಯಿತು. 1996ರಲ್ಲಿ ಹತ್ತು ಮಂದಿಯ ಸಾವು ಬೆಳಕಿಗೆ ಬಂದು ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಿತು. ಚೀನಾದಲ್ಲಿ ಸಕ್ಕರೆ ಕಾಯಿಲೆಗೆ ಮಾರುವ 'ಷ್ಯಾವೊಕ' ಎಂಬ ನಾಟಿ ಗುಳಿಗೆಯೊಳಗೆ ಗ್ಲಿಬೆನ್‌ಕ್ಲಮೈಡ್ ಎಂಬ ಆಧುನಿಕ ಔಷಧವೇ ಇದೆ. ಗಿಡಮೂಲಿಕೆಯೆಂದು ನಂಬಿ ಇಂಗ್ಲಿಷ್ ಗುಳಿಗೆಯ ಜೊತೆ ನುಂಗಿದವರ ಸಕ್ಕರೆ ಒಮ್ಮೆಲೇ ಇಳಿದುಹೋಗಬಹುದು. ಎದೆಯುರಿಗೆ ಎರಡನ್ನೂ ಸೇರಿಸಿ ಕೊಟ್ಟ ಚೀನೀ ಅಧ್ಯಯನಗಳು ಬಹಳ ಇವೆ, ಹೆಚ್ಚಿನವು ಜೋಡಿಯೇ ಮೇಲು ಎನ್ನುತ್ತವೆ. ಆದರೆ ಬಹುಪಾಲು ಚಿಕ್ಕವು, ಯಾರಿಗೆ ಯಾವ ಮದ್ದು ಎಂಬುದನ್ನು ಗುಟ್ಟಾಗಿಡದೆ ನಡೆಸಿದವು. ಅಷ್ಟರ ಮೇಲೆ ನಾನು ಭಾರ ಹಾಕಲಾರೆ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜ್ಯೇಷ್ಠಮಧು. ನಮ್ಮಲ್ಲಿ ಅತಿಮಧುರ ಎಂದೂ ಹೇಳುತ್ತೇವೆ. ಚೀನೀ ಕಷಾಯಗಳಲ್ಲಿ ಅದಿಲ್ಲದ್ದು ಕಡಿಮೆ, ನಮ್ಮ ಆಮ್ಲಪಿತ್ತದ ಚೂರ್ಣಗಳಲ್ಲೂ ಇರುತ್ತದೆ. 1946ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯ, ಊರಿನ ಔಷಧಿ ಅಂಗಡಿಯವನೊಬ್ಬ ಕೊಡುತ್ತಿದ್ದ ಜ್ಯೇಷ್ಠಮಧುವಿನ ಲೇಹದಿಂದ ಹೊಟ್ಟೆಹುಣ್ಣು ಮಾಯುವುದನ್ನು ಕಂಡ. ಆದರೆ ಕೆಲವರ ಮುಖ-ಕಾಲು ಬಾತುಕೊಂಡವು. 1960ರ ದಶಕದಲ್ಲಿ ಅದೇ ಬೇರಿನಿಂದ ಬ್ರಿಟನ್ನಿನವರು ಕಾರ್ಬೆನೊಕ್ಸೊಲೋನ್ ಮಾಡಿದರು. ಅದನ್ನು ಆಂಟಾಸಿಡ್ ಜೊತೆ ಬೆರೆಸಿ 'ಪೈರೊಗ್ಯಾಸ್ಟ್ರೋನ್' ಎಂದು ಅನ್ನನಾಳದ ಉರಿಗೂ ಕೊಟ್ಟರು. ಗುಣದ ಜೊತೆ ದೋಷವೂ ಬಂತು: ರಕ್ತದೊತ್ತಡ ಏರಿತು, ಪೊಟ್ಯಾಸಿಯಂ ಇಳಿಯಿತು. ಜ್ಯೇಷ್ಠಮಧುವಿನ ಸಾರ ಮೂತ್ರಪಿಂಡಕ್ಕೆ ಮೋಸ ಮಾಡಿ ಉಪ್ಪನ್ನು ಹಿಡಿದಿಡಿಸಿ ಪೊಟ್ಯಾಸಿಯಂ ಹೊರಹಾಕಿಸುತ್ತದೆ. ಬಿ.ಪಿ.ಗೆಂದು ನೀರು ಇಳಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಸೋರುತ್ತಿರುತ್ತದೆ.

ಪುಣೆಯಲ್ಲಿರುವ ನನ್ನ ಅತ್ತಿಗೆಗೆ ಆದದ್ದು ಇದೇ. ಎದೆಯುರಿಗೆಂದು ಯಾರೋ ಹೇಳಿದ ಜ್ಯೇಷ್ಠಮಧು ಪುಡಿಯನ್ನು ದಿನಕ್ಕೆ ಮೂರು ಚಮಚ, ಎರಡು ತಿಂಗಳು. ಜೊತೆಗೆ ಬಿ.ಪಿ. ಗುಳಿಗೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಕಾಲಿಗೆ ಬಲವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ ಎಂದರು. ಕಾರಣ ಸಿಕ್ಕಿದ್ದು ಮೂರನೆಯ ದಿನ, ಪಾಳಿಯ ನರ್ಸ್ ಮಲಯಾಳಿ ಹುಡುಗಿ "ಅಮ್ಮಾ, ಮನೆಮದ್ದೇನಾದರೂ?" ಎಂದು ಕೇಳಿದಾಗ. "ಅದೇನು ಔಷಧೀನಾ? ಸಿಹಿ ಬೇರು ಅಲ್ವಾ," ಎಂದರಂತೆ ಅತ್ತಿಗೆ. ಡಾಕ್ಟರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಈಗ ಚೆನ್ನಾಗಿದ್ದಾರೆ.

ಗುಳಿಗೆಯ ಕಡೆಯಿಂದಲೂ ಒಂದು ಮಾತಿದೆ. ಒಮೆಪ್ರಜೋಲನ್ನು ಕರಗಿಸಿ ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನ ಒಂದು ಕಿಣ್ವದ್ದು. ಈ ಕಿಣ್ವ ಎಲ್ಲರಲ್ಲೂ ಒಂದೇ ಚುರುಕಿನದಲ್ಲ. ಮಂದವಾಗಿರುವವರು ಯುರೋಪಿಗಿಂತ ಏಷ್ಯಾದಲ್ಲಿ ಹೆಚ್ಚು. ನೆನಪಿನ ಶಕ್ತಿಗೆಂದು ಮಾರುವ ಗಿಂಕೊ ಎಲೆಯ ಸಾರ ಈ ಕಿಣ್ವವನ್ನು ಚುರುಕುಗೊಳಿಸಿ ಒಮೆಪ್ರಜೋಲ್ ಬೇಗ ಕರಗುವಂತೆ ಮಾಡುತ್ತದೆಂದು ಚೀನೀ ಸಂಶೋಧಕರೇ 2004ರಲ್ಲಿ ತೋರಿಸಿದರು. ಗಿಂಕೊ ಈಗ ನಮ್ಮ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ.

ಚೀನಾದ ದೊಡ್ಡ ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳು ಒಂದೇ ಕಟ್ಟಡದಲ್ಲಿರುತ್ತವೆ, ಆಧುನಿಕ ವೈದ್ಯರೂ ನಾಟಿ ಗುಳಿಗೆ ಬರೆಯುತ್ತಾರೆ. ಬರೆದದ್ದು ಸರಿಯೋ ತಪ್ಪೋ, ಚೀಟಿಯಲ್ಲಂತೂ ಇರುತ್ತದೆ. ನಮ್ಮಲ್ಲಿ ಗುಳಿಗೆ ಬರೆಯುವವರು ಒಬ್ಬರು, ಚೂರ್ಣ ಕೊಡುವವರು ಇನ್ನೊಬ್ಬರು, ಎರಡೂ ಸೇರುವುದು ನಮ್ಮ ಹೊಟ್ಟೆಯಲ್ಲಿ ಮಾತ್ರ. ನಮ್ಮ ವೇದಿಕೆಯಲ್ಲೇ ಇಬ್ಬರು ಆಯುರ್ವೇದ ವೈದ್ಯೆಯರೂ ಒಬ್ಬ ಎಂ.ಡಿ.ಯೂ ಇದ್ದಾರೆ. ಮುಂದಿನ ಸಭೆಯಲ್ಲಿ ಮೂವರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕೆಂದು ಕಾರ್ಯದರ್ಶಿಯವರಲ್ಲಿ ಕೇಳಿಕೊಂಡಿದ್ದೇನೆ. ಬರುವವರು ಪರ್ಸಿನಲ್ಲಿರುವ ಪಟ್ಟಿ, ಡಬ್ಬಿಯಲ್ಲಿರುವ ಪುಡಿ ಎರಡನ್ನೂ ತನ್ನಿ. ಪುಡಿಯ ಹೆಸರು ಗೊತ್ತಿಲ್ಲದಿದ್ದರೆ ಡಬ್ಬಿಯನ್ನೇ ತನ್ನಿ.