ಕೊತ್ತಿಗೆ ಹಾಲು, ಕೊತ್ತಿಗೆ ಪಥ್ಯ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಇಲಿ ಕಾಟ ಹೆಚ್ಚಾಯಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸಿ, ಆಮೇಲೆ ಹಾಲೆಲ್ಲ ತಾನೇ ಕುಡಿದ. ಬೆಕ್ಕು ಬಡಕಲಾಯಿತು, ಹಾಲು ಕಂಡರೆ ಓಡತೊಡಗಿತು. ಚಿಕ್ಕಂದಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಈಗ ನನಗನ್ನಿಸುವುದೇ ಬೇರೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದೇ ಇಲ್ಲ, ಹೊಟ್ಟೆ ಕೆಡುತ್ತದೆ. ಊರಿನ ತುಂಬ ಇಲಿ ಇದ್ದಾಗ ಆ ಬೆಕ್ಕು ಯಾಕೆ ಬಡಕಲಾಯಿತೋ, ರಾಯರೇ ಹೇಳಬೇಕು :)

ಜಕ್ಕೂರಿನ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ಕೊತ್ತಿಗಳಿವೆ. ಒಂದಕ್ಕೆ ಕಿಡ್ನಿ ಪಥ್ಯ, ಇನ್ನೊಂದಕ್ಕೆ ದಿನಕ್ಕೆರಡು ಸಲ ಥೈರಾಯ್ಡ್ ಮಾತ್ರೆ. ಉಳಿದೆರಡು ಗುಂಡುಕಲ್ಲಿನ ಹಾಗಿವೆ, ಯಾರ ತಟ್ಟೆಯಾದರೂ ಅವಕ್ಕೆ ಸರಿಯೇ. ಯಾರಿಗೆ ಏನು ಕೊಡಬೇಕು, ಏನು ಕೊಡಬಾರದು ಅನ್ನುವುದು ಮನುಷ್ಯನಿಗೆ ಯಾವಾಗ ತಿಳಿಯಿತು ಅಂತ ಓದುತ್ತಾ ಹೋದೆ. ಎಲ್ಲ ಮೊನ್ನೆ ಮೊನ್ನೆಯ ಮಾತು!

ಪ್ರಾಣಿವೈದ್ಯವೇನೂ ನಮಗೆ ಹೊಸದಲ್ಲ. ಸುಮಾರು 900 ವರ್ಷಗಳ ಹಿಂದೆಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಕುದುರೆಗಳ ವೈದ್ಯ ಬರೆದ. ಸಂಸ್ಕೃತದಲ್ಲಿ ಆನೆಗೆ ಪಾಲಕಾಪ್ಯ, ಕುದುರೆಗೆ ಶಾಲಿಹೋತ್ರ. ಉಳುವುದಕ್ಕೆ, ಯುದ್ಧಕ್ಕೆ ಬೇಕಾದ ಪ್ರಾಣಿಗಳು ಇವು. ಬೆಕ್ಕಿಗೆ ಈ ಸಾಲಿನಲ್ಲಿ ಜಾಗ ಸಿಗಲಿಲ್ಲ.

ನಮ್ಮ ಪಕ್ಕದ ಹೆಬ್ಬಾಳದ ಚರಿತ್ರೆಯೂ ಹೀಗೇ. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಸೀರಂ ಸಂಸ್ಥೆ ತೆರೆದದ್ದು ದನಗಳ ದೊಡ್ಡರೋಗಕ್ಕಾಗಿ. ಒಂದು ಸಲ ಊರಿಗೆ ಬಂದರೆ ಕೊಟ್ಟಿಗೆಗಳನ್ನೇ ಖಾಲಿ ಮಾಡುತ್ತಿದ್ದ ರೋಗ ಅದು. 2011ರಲ್ಲಿ ಭೂಮಿಯಿಂದಲೇ ಅಳಿಯಿತೆಂದು ಘೋಷಿಸಿದರು, ಮನುಷ್ಯರ ಸಿಡುಬಿನ ನಂತರ ಹಾಗೆ ಅಳಿದ ಎರಡನೆಯ ರೋಗ. ಹೆಬ್ಬಾಳದ ಪಶುವೈದ್ಯ ಕಾಲೇಜು ಶುರುವಾದದ್ದು 1958ರಲ್ಲಿ. 'ಪಶು' ಅಂದರೆ ಆಗ ಮುಖ್ಯವಾಗಿ ದನ. ಅದರಲ್ಲಿ ತಪ್ಪೇನಿಲ್ಲ, ರೈತನ ಬದುಕು ನಿಂತಿದ್ದದ್ದು ಅದರ ಮೇಲೆ.

ಅಮೆರಿಕದಲ್ಲೂ ಬೆಕ್ಕಿನ ಸರದಿ ತಡವಾಗಿಯೇ ಬಂತು. ಮಾರ್ಕ್ ಮೋರಿಸ್ ಎಂಬ ಪಶುವೈದ್ಯ ಒಬ್ಬ ಅಂಧನ ದಾರಿ ತೋರುವ ನಾಯಿಯ ಕಿಡ್ನಿ ಕೆಟ್ಟಾಗ ಅದಕ್ಕೊಂದು ಪಥ್ಯದ ಅಡುಗೆ ಕಂಡುಹಿಡಿದ. 1948ರಿಂದ ಹಿಲ್ ಕಂಪನಿ ಅದನ್ನು ಡಬ್ಬಿಗೆ ತುಂಬಿ ಮಾರಿತು. ಆ ಪಥ್ಯವೂ ಹುಟ್ಟಿದ್ದು ನಾಯಿಗಾಗಿ ನೋಡಿ. ಅದಕ್ಕೆ ಒಂದು ವರ್ಷ ಮುಂಚೆ, 1947ರಲ್ಲಿ, ಮಿಶಿಗನ್‌ನ ಎಡ್ವರ್ಡ್ ಲೋ ಎಂಬಾತ ಬೆಕ್ಕಿನ ಕಕ್ಕಸಿಗೆ ಜೇಡಿಮಣ್ಣಿನ ಹರಳು ಮಾರಲು ಶುರುಮಾಡಿದ. ನನ್ನ ಪ್ರಕಾರ ಬೆಕ್ಕಿನ ಚರಿತ್ರೆಯ ದೊಡ್ಡ ತಿರುವು ಅದು. ಬೆಕ್ಕು ಹೊರಗೆ ಹೋಗುವ ಅಗತ್ಯವೇ ತಪ್ಪಿತು. ಬಾಗಿಲು ಮುಚ್ಚಿತು. ಬೇಟೆಯೂ ನಿಂತಿತು.

ಬಾಗಿಲು ಮುಚ್ಚಿದ ಮೇಲೆ ಬೆಕ್ಕಿಗೆ ಸಿಗುವುದು ನಾವು ಹಾಕಿದ್ದಷ್ಟೇ. ಅದು ಸಾಲದು ಅಂತ ಖಚಿತವಾದದ್ದು 1975ರಲ್ಲಿ. ಹೇಯ್ಸ್ ಮತ್ತು ಸಂಗಡಿಗರು ಹಾಲಿನ ಪ್ರೋಟೀನಾದ ಕೇಸಿನ್ ಮುಖ್ಯವಾಗಿದ್ದ ಆಹಾರವನ್ನು ಬೆಕ್ಕುಗಳಿಗೆ ಕೊಟ್ಟು ನೋಡಿದರು. ಕಣ್ಣಿನ ಅಕ್ಷಿಪಟ ಹಾಳಾಗುತ್ತಾ ಬಂತು. ಕಾರಣ ಟಾರಿನ್ ಎಂಬ ವಸ್ತುವಿನ ಕೊರತೆ. ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಬರಬೇಕು. 1987ರಲ್ಲಿ ಪಾಲ್ ಪಯಾನ್ ಮತ್ತು ಜೊತೆಯವರು ಇನ್ನೊಂದು ತೋರಿಸಿದರು: ಹೃದಯ ಊದಿಕೊಂಡು ಸೋಲುತ್ತಿದ್ದ ಬೆಕ್ಕುಗಳಿಗೆ ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆ. ಆ ಬೆಕ್ಕುಗಳಲ್ಲಿ ಅಂಗಡಿಯ ಆಹಾರ ತಿಂದವೂ ಇದ್ದವು! ಅದಾದ ಮೇಲೆಯೇ ಕಂಪನಿಗಳು ಟಾರಿನ್ ಹೆಚ್ಚಿಸಿದ್ದು.

"ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನ ತಿಂದುಕೊಂಡೇ ಇರಲಿಲ್ಲವೇ?" ಅಂತ ಕೇಳುವವರಿದ್ದಾರೆ. ಇತ್ತು ಸ್ವಾಮಿ. ಮೊಸರನ್ನ ತಿಂದು ಹಿತ್ತಲಿಗೆ ಹೋಗಿ ಇಲಿ, ಹಲ್ಲಿ, ಗುಬ್ಬಿ ಮುಗಿಸಿ ಬರುತ್ತಿತ್ತು. ಅಜ್ಜಿಗೆ ಕಂಡದ್ದು ಮೊಸರನ್ನ ಮಾತ್ರ. ನಾಲ್ಕನೇ ಮಹಡಿಯ ಕೊತ್ತಿಗೆ ಯಾವ ಹಿತ್ತಲು?

ಔಷಧಿಯ ಕತೆ ಇನ್ನೂ ಭಯದ್ದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. ಅದನ್ನು ಯಕೃತ್ತಿನಲ್ಲಿ ನಿರಪಾಯ ಮಾಡುವ ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟುಹೋಗಿ ಬರೀ ಅವಶೇಷವಾಗಿ ಉಳಿದಿದೆ ಅನ್ನುವುದು 2000ದಲ್ಲಿ ಪ್ರಕಟವಾಯಿತು. ಮಾಂಸವನ್ನೇ ತಿನ್ನುವ ಪ್ರಾಣಿಗೆ ಗಿಡಮೂಲದ ವಿಷಗಳನ್ನು ಕಳೆಯುವ ಕೆಲಸ ಅಷ್ಟಾಗಿ ಬೀಳಲಿಲ್ಲ, ಹಾಗಾಗಿ ಆ ಜೀನು ಹೋದರೂ ನಡೆಯಿತು ಅನ್ನುವುದು ವಿಜ್ಞಾನಿಗಳ ಊಹೆ. ಹುಲಿ ಸಿಂಹಗಳಿಗೂ ಇದೇ ಗತಿ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಕೂಡ ಬೆಕ್ಕಿಗಾಗದು. ನಾಯಿ ಬೆಕ್ಕು ಎರಡೂ ಇರುವವರು ದಯವಿಟ್ಟು ನೆನಪಿಡಿ.

ಥೈರಾಯ್ಡ್ ಹೆಚ್ಚಾಗುವ ರೋಗ ಬೆಕ್ಕಿಗೂ ಬರುತ್ತದೆಂದು ವರದಿಯಾದದ್ದು 1979ರಲ್ಲಿ, ನ್ಯೂಯಾರ್ಕಿನಲ್ಲಿ. ಅದಕ್ಕೆಂದು ಅಯೋಡಿನ್ ತೀರ ಕಡಿಮೆಯಿರುವ ಆಹಾರ 2011ರಲ್ಲಿ ಬಂತು. ಆದರೆ ಒಂದು ಷರತ್ತು, ಬೇರೆ ಒಂದು ತುತ್ತನ್ನೂ ತಿನ್ನಬಾರದು. ಪಕ್ಕದಲ್ಲಿ ಮೂರು ತಟ್ಟೆ ಇರುವ ಮನೆಯಲ್ಲಿ ಇದು ಆಗುವ ಹೋಗುವ ಮಾತೇ? ಅದಕ್ಕೇ ನಮ್ಮಲ್ಲಿ ಮಾತ್ರೆ. ಮಾತ್ರೆಯ ಹಿಂದೆ ಸಿರಿಂಜಿನಲ್ಲಿ ಸ್ವಲ್ಪ ನೀರು ಕೊಡಲೇಬೇಕು. ಕೆಲವು ಮಾತ್ರೆಗಳು, ಮುಖ್ಯವಾಗಿ ಡಾಕ್ಸಿಸೈಕ್ಲಿನ್, ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡುತ್ತವೆ.

ಇಡೀ ದಿನ ತಟ್ಟೆ ತುಂಬಿಡುವ ಪದ್ಧತಿ ನಿಲ್ಲಿಸಿದ್ದೇವೆ. ಬೆಳಿಗ್ಗೆ ಸಂಜೆ ಎರಡೇ ಊಟ, ಕಿಡ್ನಿಯವಳು ರೂಮಿನೊಳಗೆ ಬಾಗಿಲು ಹಾಕಿಕೊಂಡು, ಉಳಿದವರು ಹಾಲಿನಲ್ಲಿ. ಅರ್ಧ ಗಂಟೆಗೆ ತಟ್ಟೆ ಎತ್ತುವುದು. ಪಥ್ಯದ ಊಟ ರುಚಿಸದೆ ಮುಖ ತಿರುಗಿಸಿದರೆ "ಹಸಿದಾಗ ತಿಂತಾಳೆ ಬಿಡು" ಅನ್ನುವಂತಿಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರುತ್ತದೆ. ಹಾಗಾಗಿ ಹಳೆಯ ಊಟಕ್ಕೆ ಹೊಸದನ್ನು ಚಮಚ ಚಮಚವಾಗಿ ಬೆರೆಸಿ ಬದಲಾಯಿಸಿದೆವು, ಮೂರು ವಾರ ಹಿಡಿಯಿತು.

ಮಾತ್ರೆಯ ಲೆಕ್ಕಕ್ಕೆ ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿದೆ. ಮನೆಯಲ್ಲಿ ಮಾತ್ರೆ ಕೊಡುವವರು ಇಬ್ಬರು. ಕೊಟ್ಟವರು ಗುರುತು ಹಾಕದೆ ಡಬ್ಬಿ ಮುಚ್ಚುವಂತಿಲ್ಲ.